ಸಣ್ಣ ಯಾಟ್‌ಗಳ ಬಗ್ಗೆಯೂ ಒಂದು ಪುಟ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಯಾಟ್‌ಗಳ ಬಗ್ಗೆ ಎರಡು ಪುಟ ಹಾಕಿದ್ದಿರಿ. ಹೆಲಿಕಾಪ್ಟರ್ ಇಳಿಯುವ ಜಾಗ, ಈಜುಕೊಳ, ಯಾವ ಶ್ರೀಮಂತನ ಯಾಟ್ ಎಷ್ಟು ಕೋಟಿಯದು, ಅದರಲ್ಲಿ ಎಷ್ಟು ಜನ ಕೆಲಸದವರು, ಎಲ್ಲಾ ಇತ್ತು. ಓದಿ ನನಗೆ ಬೇಜಾರಾಯಿತು. ಆ ಅರಮನೆಗಳ ಬಗ್ಗೆ ಬರೆದದ್ದಕ್ಕಲ್ಲ, ಯಾಟ್ ಎಂದರೆ ಅಷ್ಟೇ ಎಂಬಂತೆ ಬರೆದದ್ದಕ್ಕೆ. ಇಪ್ಪತ್ತು ಇಪ್ಪತ್ತೈದು ಅಡಿ ಉದ್ದದ, ಒಬ್ಬರೇ ನಡೆಸಬಹುದಾದ, ಒಳಗೇ ಮಲಗಿ ಅಡುಗೆ ಮಾಡಿಕೊಂಡು ವಾರಗಟ್ಟಲೆ ಸಮುದ್ರ ಸುತ್ತಬಹುದಾದ ಹಾಯಿದೋಣಿಯೂ ಯಾಟೇ. ಅದನ್ನು ಇವತ್ತಿನ ರೂಪಕ್ಕೆ ತಂದವರು ಸುಮಾರು 1890ರಿಂದ 1930ರ ನಡುವೆ ಬದುಕಿದ್ದ ಒಂದಷ್ಟು ಜನ. ಅವರಲ್ಲಿ ಬಹಳ ಮಂದಿಗೆ ದೋಣಿ ಹೊಟ್ಟೆಪಾಡಿನ ಕೆಲಸವೇ ಆಗಿರಲಿಲ್ಲ.

ನಾನು ಕುಂದಾಪುರದ ಕಡೆ ಕಣ್ಣು ಪರೀಕ್ಷೆ ಮಾಡುವವನು. ಈ ವಿಷಯ ನನಗೆ ಸಿಕ್ಕಿದ್ದು ಆ ಕೆಲಸದ ದಾರಿಯಲ್ಲೇ. ಮೆಳ್ಳೆಗಣ್ಣಿನ ಮಗು ಬಂದರೆ ನಾವು ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಗಾಜಿನ ಕನ್ನಡಕ ಹಾಕಿ ನಾಲ್ಕು ದೀಪದ ಚುಕ್ಕಿ ತೋರಿಸುತ್ತೇವೆ. ಒಂದು ಕೆಂಪು, ಎರಡು ಹಸಿರು, ಒಂದು ಬಿಳಿ. ಮಗು ನಾಲ್ಕು ಎಂದರೆ ಎರಡೂ ಕಣ್ಣು ಕೂಡಿ ಕೆಲಸ ಮಾಡುತ್ತಿವೆ. ಎರಡೋ ಮೂರೋ ಎಂದರೆ ಒಂದು ಕಣ್ಣನ್ನು ಮೆದುಳು ಬದಿಗಿಟ್ಟಿದೆ. ಐದು ಎಂದರೆ ಒಂದೇ ವಸ್ತು ಎರಡಾಗಿ ಕಾಣುತ್ತಿದೆ. ಇದಕ್ಕೆ ವರ್ತ್ ಫೋರ್ ಡಾಟ್ ಟೆಸ್ಟ್ ಎನ್ನುತ್ತಾರೆ, ಕರ್ನಾಟಕದ ಕಣ್ಣಾಸ್ಪತ್ರೆಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಈ ವರ್ತ್ ಯಾರು ಎಂದು ಹುಡುಕುತ್ತಾ ಹೋದರೆ ಸಿಕ್ಕವರು ಕ್ಲಾಡ್ ವರ್ತ್, ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ವೈದ್ಯರು. 1903ರಲ್ಲಿ ಮೆಳ್ಳೆಗಣ್ಣಿನ ಬಗ್ಗೆ ಪುಸ್ತಕ ಬರೆದರು. 1910ರಲ್ಲಿ ಇನ್ನೊಂದು ಪುಸ್ತಕ ಬರೆದರು, ಅದು ಸಣ್ಣ ಯಾಟ್‌ನಲ್ಲಿ ಸಮುದ್ರಯಾನ ಮಾಡುವುದರ ಬಗ್ಗೆ! ಲಂಗರಿನ ಸರಪಳಿ ಎಷ್ಟು ದಪ್ಪ ಇರಬೇಕು, ಬಿರುಗಾಳಿಯಲ್ಲಿ ದೋಣಿಯನ್ನು ಹೇಗೆ ನಿಲ್ಲಿಸಿಕೊಳ್ಳಬೇಕು ಎಂಬುದನ್ನೆಲ್ಲ ರೋಗಿಯ ಕಣ್ಣು ನೋಡುವಷ್ಟೇ ಶ್ರದ್ಧೆಯಿಂದ ನೋಡಿ ಬರೆದ ಪುಸ್ತಕ. ಟರ್ನ್ ಎಂಬ ಹೆಸರಿನ ನಾಲ್ಕು ದೋಣಿ ಅವರದ್ದು. ಕೊನೆಯದು, 1924ರ ನಾಲ್ಕನೇ ಟರ್ನ್, ಅವರದೇ ವಿನ್ಯಾಸ. ವರ್ತ್ ಬಡವರಲ್ಲ, ಆ ಕೊನೆಯ ದೋಣಿ ಸಣ್ಣದೂ ಅಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಮನಸ್ಸು ಮಾಡಿದರೆ ದೋಣಿ ನಡೆಸಲು ಸಂಬಳದ ನಾವಿಕರು ಬೇಕಾಗಿಲ್ಲ ಎಂದು ಅವರ ಪುಸ್ತಕ ಓದಿದ ನೂರಾರು ಸಾಧಾರಣ ಜನರಿಗೆ ಧೈರ್ಯ ಬಂತು.

ಎರಡನೆಯವರೂ ಕಣ್ಣಿನ ಡಾಕ್ಟರೇ. ಥಾಮಸ್ ಹ್ಯಾರಿಸನ್ ಬಟ್ಲರ್, ಬರ್ಮಿಂಗ್‌ಹ್ಯಾಮ್‌ನವರು, ಅಂದರೆ ಸಮುದ್ರದಿಂದ ದೂರದ ಊರಿನವರು. ನಮ್ಮ ಪರೀಕ್ಷಾ ಕೋಣೆಗಳಲ್ಲಿ ಗಲ್ಲ ಇಟ್ಟು ಕೂರಿಸುತ್ತಾರಲ್ಲ, ಸ್ಲಿಟ್ ಲ್ಯಾಂಪ್, ಅದರ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಮೊದಮೊದಲ ಕೈಪಿಡಿಗಳಲ್ಲಿ ಒಂದು ಇವರದ್ದು, 1927ರಲ್ಲಿ ಬಂದದ್ದು. ಬಿಡುವಿನ ಹೊತ್ತಿನಲ್ಲಿ ಸಣ್ಣ ಯಾಟ್‌ಗಳ ನಕ್ಷೆ ಬರೆಯುತ್ತಿದ್ದರು. 1945ರಲ್ಲಿ ತೀರಿಕೊಂಡರು. ಅವರ ದೋಣಿಗಳನ್ನು ಇಟ್ಟುಕೊಂಡವರ ಒಂದು ಸಂಘವೇ ಇಂಗ್ಲೆಂಡಿನಲ್ಲಿದೆ.

ಇಬ್ಬರಿಗಿಂತಲೂ ನನಗೆ ಹೆಚ್ಚು ಇಷ್ಟವಾದವರು ಆಲ್ಬರ್ಟ್ ಸ್ಟ್ರೇಂಜ್. ಅವರು ಮೇಷ್ಟ್ರು. 1855ರಲ್ಲಿ ಹುಟ್ಟಿ, ಇಂಗ್ಲೆಂಡಿನ ಪೂರ್ವ ಕರಾವಳಿಯ ಸ್ಕಾರ್ಬರೋ ಊರಿನ ಚಿತ್ರಕಲಾ ಶಾಲೆಯಲ್ಲಿ ಮುಖ್ಯ ಶಿಕ್ಷಕರಾಗಿದ್ದು, 1917ರಲ್ಲಿ ತೀರಿಕೊಂಡರು. ಆ ನಡುವೆ ನೂರಕ್ಕೂ ಹೆಚ್ಚು ದೋಣಿಗಳ ವಿನ್ಯಾಸ ಮಾಡಿದರು. ಸ್ಕಾರ್ಬರೋದ ದಕ್ಷಿಣಕ್ಕೆ ಹಲ್ ಪಟ್ಟಣ, ಅಲ್ಲಿ ಹಂಬರ್ ನದಿಯ ಅಳಿವೆ. ಅಳಿವೆ ಎಂದರೆ ನಮ್ಮ ಗಂಗೊಳ್ಳಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಅಳಿವೆ ಬಹಳ ದೊಡ್ಡದು, ಕಂದು ಬಣ್ಣದ ಕೆಸರು ನೀರು, ಇಳಿತದ ಹೊತ್ತಿಗೆ ಮೈಲುಗಟ್ಟಲೆ ಕೆಸರಿನ ದಿಬ್ಬ ಎದ್ದು ನಿಲ್ಲುತ್ತದೆ, ಸೆಳೆತವೂ ಜೋರು. ಆಳವಾದ ಕೀಲ್ (ದೋಣಿಯ ತಳದಿಂದ ನೀರೊಳಗೆ ಇಳಿದಿರುವ ಭಾಗ) ಇರುವ ದೋಣಿ ತಂದರೆ ಕೆಸರಿನಲ್ಲಿ ಕೂತುಬಿಡುತ್ತದೆ. ಅದಕ್ಕಾಗಿ 1883ರಲ್ಲಿ ಹುಟ್ಟಿದ ಹಂಬರ್ ಯಾಲ್ ಕ್ಲಬ್‌ನವರು (ಯಾಲ್ ಎಂದರೆ ಹಿಂದುಗಡೆ ಇನ್ನೊಂದು ಪುಟ್ಟ ಕೂವೆಮರ ಇರುವ ಹಾಯಿದೋಣಿ), ಮುಖ್ಯವಾಗಿ ಹಲ್‌ನ ಜಾರ್ಜ್ ಹೋಮ್ಸ್ ಮತ್ತು ಈ ಸ್ಟ್ರೇಂಜ್ ಮೇಷ್ಟ್ರು, ಒಂದು ಹೊಸ ಜಾತಿಯ ದೋಣಿಯನ್ನೇ ಬೆಳೆಸಿದರು. ಹೆಸರು ಕನೂ ಯಾಲ್. ಮುಂದೆಯೂ ಚೂಪು, ಹಿಂದೆಯೂ ಚೂಪು, ನೀರಿನಲ್ಲಿ ಜಾಸ್ತಿ ಆಳಕ್ಕೆ ಇಳಿಯುವುದಿಲ್ಲ, ದೋಣಿ ಪಕ್ಕಕ್ಕೆ ಜಾರದಂತೆ ನಡುವೆ ಬೇಕಾದಾಗ ನೀರಿಗಿಳಿಸಿ ಬೇಡವಾದಾಗ ಎತ್ತುವ ಹಲಗೆಯಂಥ ತಟ್ಟೆ, ಸೇತುವೆ ಬಂದರೆ ಮಡಚಿ ಮಲಗಿಸಬಹುದಾದ ಕೂವೆಮರ, ಹಿಂದೆ ಇನ್ನೊಂದು ಪುಟ್ಟ ಕೂವೆಮರಕ್ಕೆ ಪುಟ್ಟ ಹಾಯಿ.

ಈ ಹಿಂದಿನ ಪುಟ್ಟ ಹಾಯಿಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಅದರಲ್ಲೇ ಈ ವಿನ್ಯಾಸದ ಜೀವ ಇದೆ. ನೋಡುವುದಕ್ಕೆ ಅದು ಅಲಂಕಾರಕ್ಕೆ ಇಟ್ಟ ಹಾಗೆ ಕಾಣುತ್ತದೆ. ಆದರೆ ಒಬ್ಬನೇ ದೋಣಿಯಲ್ಲಿದ್ದಾನೆ, ಗಾಳಿ ಏರಿತು ಎಂದುಕೊಳ್ಳಿ. ದೊಡ್ಡ ಹಾಯಿಯನ್ನು ಪೂರ್ತಿ ಇಳಿಸಿಬಿಟ್ಟರೂ ಮುಂದೊಂದು, ಹಿಂದೊಂದು ಸಣ್ಣ ಹಾಯಿ ಉಳಿದಿರುತ್ತವೆ. ದೋಣಿ ಎತ್ತ ಬೇಕಾದರತ್ತ ತಿರುಗುವ ಬದಲು ಸಮನಾಗಿ ಸಾಗುತ್ತದೆ. ಆಗ ಅವನು ಚುಕ್ಕಾಣಿ ಬಿಟ್ಟು ಹೋಗಿ ಹಗ್ಗ ಕಟ್ಟಬಹುದು, ನಕ್ಷೆ ನೋಡಬಹುದು, ಚಹಾ ಮಾಡಬಹುದು. ಸ್ವೀಡನ್ನಿನಲ್ಲಿ 1892ರಲ್ಲಿ ಪ್ರೈಮಸ್ ಸ್ಟವ್ ಬಂತು, ನಮ್ಮ ಮನೆಗಳಲ್ಲಿ ಬಹಳ ವರ್ಷ ಇದ್ದ ಸೀಮೆಎಣ್ಣೆಯ ಪಂಪ್ ಸ್ಟವ್ ಇದೆಯಲ್ಲ, ಅದೇ. ಸಣ್ಣ ಕ್ಯಾಬಿನ್ ಒಳಗೆ ಬಿಸಿ ಅಡುಗೆ ಸುಲಭವಾದದ್ದು ಅದರಿಂದ. ಹಾಯಿ, ಕೀಲ್ ಎಂದೆಲ್ಲ ದೊಡ್ಡದಾಗಿ ಮಾತಾಡುವವರು ಇಂಥ ವಸ್ತುಗಳನ್ನು ಮರೆಯುತ್ತಾರೆ. ಬಿಸಿ ಊಟ ಇಲ್ಲದೆ ಉತ್ತರ ಸಮುದ್ರದ ಚಳಿಯಲ್ಲಿ ಒಬ್ಬನೇ ಎಷ್ಟು ದಿನ ಇರಲು ಆಗುತ್ತದೆ?

ಇವರೆಲ್ಲ ಹೀಗೆ ಬೇರೆ ದಾರಿ ಹಿಡಿಯಲು ಇನ್ನೊಂದು ಕಾರಣವೂ ಇತ್ತು. ಆ ಕಾಲದ ಪಂದ್ಯದ ಯಾಟ್‌ಗಳು ಹದಗೆಟ್ಟು ಹೋಗಿದ್ದವು. ಹದಗೆಡಿಸಿದ್ದು ಲೆಕ್ಕದ ಸೂತ್ರ. ಬೇರೆ ಬೇರೆ ಗಾತ್ರದ ದೋಣಿಗಳನ್ನು ಪಂದ್ಯಕ್ಕೆ ಬಿಡಬೇಕಾದರೆ ಯಾವುದೋ ಒಂದು ಅಳತೆ ಬೇಕಲ್ಲ, ಅದಕ್ಕೆ 1855ರಲ್ಲಿ ಥೇಮ್ಸ್ ಅಳತೆ ಎಂಬುದು ಬಂತು. ಉದ್ದದಿಂದ ಅಗಲ ಕಳೆಯಿರಿ, ಬಂದದ್ದನ್ನು ಅಗಲದಿಂದ ಗುಣಿಸಿ, ಮತ್ತೆ ಅಗಲದ ಅರ್ಧದಿಂದ ಗುಣಿಸಿ, 94ರಿಂದ ಭಾಗಿಸಿ. ಬಂದ ಸಂಖ್ಯೆಗೆ ಟನ್ ಎಂದು ಹೆಸರು, ದೋಣಿಯ ತೂಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಸಂಖ್ಯೆ ಕಡಿಮೆ ಇದ್ದಷ್ಟೂ ಪಂದ್ಯದಲ್ಲಿ ಅನುಕೂಲ. ಇದರಲ್ಲಿ ಅಗಲ ಎರಡು ಸಲ ಗುಣಾಕಾರಕ್ಕೆ ಬರುತ್ತದೆ, ಆಳ ಮತ್ತು ಹಾಯಿಯ ಗಾತ್ರ ಬರುವುದೇ ಇಲ್ಲ. ಹಾಗಾದರೆ ವಿನ್ಯಾಸಕಾರ ಏನು ಮಾಡುತ್ತಾನೆ? ಅಗಲ ಕಡಿಮೆ ಮಾಡುತ್ತಾನೆ, ಆಳ ಜಾಸ್ತಿ ಮಾಡುತ್ತಾನೆ, ಕೆಳಗೆ ಸೀಸ ತುಂಬುತ್ತಾನೆ, ಮೇಲೆ ಹಾಯಿ ಏರಿಸುತ್ತಾನೆ. ಸೂತ್ರವನ್ನು ಸ್ವಲ್ಪ ಬದಲಿಸಿದರೂ 1880ರ ದಶಕದಲ್ಲಿ ಈ ಹುಚ್ಚು ಇಳಿಯಲಿಲ್ಲ, ಏರಿತು. 1886ರಲ್ಲಿ ಊನಾ ಎಂಬ ಹೊಸ ದೋಣಿ ಬಂತು. ನೀರಿನ ಮಟ್ಟದಲ್ಲಿ ಉದ್ದ 34 ಅಡಿ, ಅಗಲ ಐದೂವರೆ ಅಡಿ! ಐರ್ಲೆಂಡಿನ ಮಲಹೈಡ್ ಬಳಿ ಬಿರುಗಾಳಿಗೆ ಸಿಕ್ಕಿ ಅದು ನಾಶವಾಯಿತು. ವಿನ್ಯಾಸ ಮಾಡಿದ ವಿಲಿಯಂ ಇವಾನ್ಸ್ ಪೇಟನ್ ಅದರಲ್ಲೇ ಇದ್ದರು. ಒಬ್ಬರೂ ಉಳಿಯಲಿಲ್ಲ.

1887ರಲ್ಲಿ ಸೂತ್ರ ಪೂರ್ತಿ ಬದಲಾಯಿತು, ಉದ್ದ ಮತ್ತು ಹಾಯಿಯ ಗಾತ್ರ ಮಾತ್ರ ಲೆಕ್ಕಕ್ಕೆ. ಹತ್ತು ವರ್ಷದೊಳಗೆ ದೋಣಿಗಳು ಇನ್ನೊಂದು ತುದಿಗೆ ಹೋದವು. ಹಗುರ, ಚಪ್ಪಟೆ, ಕೆಳಗೊಂದು ತೆಳ್ಳಗಿನ ರೆಕ್ಕೆ, ಅದರ ತುದಿಗೆ ಸೀಸದ ಗುಂಡು. ವೇಗವೇನೋ ಬಂತು, ಆದರೆ ಒಳಗೆ ಕೂರಲು ಜಾಗ ಇಲ್ಲ, ನಾಲ್ಕು ವರ್ಷ ಆದ ಮೇಲೆ ಕೊಳ್ಳುವವರೂ ಇಲ್ಲ. ಸ್ಟ್ರೇಂಜ್, ವರ್ತ್, ಹ್ಯಾರಿಸನ್ ಬಟ್ಲರ್ ಇವರೆಲ್ಲ ಈ ಎರಡು ಅತಿಗಳನ್ನೂ ಕಂಡವರು. ತಾವು ಬರೆಯುವ ದೋಣಿ ಯಾವ ಪಂದ್ಯಕ್ಕೂ ಹೋಗುವುದಿಲ್ಲ, ಯಾವ ಸೂತ್ರಕ್ಕೂ ತಲೆಬಾಗಬೇಕಿಲ್ಲ ಎಂಬುದು ಅವರಿಗೆ ಸಿಕ್ಕ ದೊಡ್ಡ ಸ್ವಾತಂತ್ರ್ಯ ಎಂದು ನನಗೆ ಅನಿಸುತ್ತದೆ.

ಆದರೂ ಸುಲಭದ ಕೆಲಸವಲ್ಲ ಅದು. ದೊಡ್ಡ ದೋಣಿಯ ನಕ್ಷೆಯನ್ನೇ ಚಿಕ್ಕದು ಮಾಡಿದರೆ ಸಣ್ಣ ಯಾಟ್ ಆಗುವುದಿಲ್ಲ. ಎಲ್ಲಾ ಅಳತೆಗಳನ್ನೂ ಮೂರರಲ್ಲಿ ಎರಡು ಪಾಲಿಗೆ ಇಳಿಸಿ ನೋಡಿ. ಹಾಯಿಯ ವಿಸ್ತಾರ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಆಗುತ್ತದೆ, ಆದರೆ ತೂಕ ಮೂರನೇ ಒಂದಕ್ಕಿಂತಲೂ ಕೆಳಗೆ ಹೋಗುತ್ತದೆ, ಗಾಳಿಗೆ ವಾಲಿದಾಗ ನೆಟ್ಟಗೆ ಏಳುವ ಶಕ್ತಿ ಐದನೇ ಒಂದು ಭಾಗಕ್ಕೆ ಬರುತ್ತದೆ. ಮನುಷ್ಯ ಮಾತ್ರ ಅಷ್ಟೇ ಉದ್ದ ಇರುತ್ತಾನೆ! ಅವನು ಕಾಲು ಚಾಚಿ ಮಲಗಬೇಕು, ತಲೆ ತಾಗದ ಹಾಗೆ ಕೂರಬೇಕು. ಕ್ಯಾಬಿನ್ ಎತ್ತರ ಮಾಡಿದರೆ ಗಾಳಿ ಬಡಿಯುತ್ತದೆ, ದೋಣಿ ಮೇಲ್ಭಾರ ಆಗುತ್ತದೆ. ಅದಕ್ಕೇ ಆ ಕಾಲದ ಒಳ್ಳೆಯ ಸಣ್ಣ ದೋಣಿಗಳಲ್ಲಿ ನಿಂತುಕೊಳ್ಳಲು ಆಗುವುದಿಲ್ಲ, ಕೂರಲು ಮಾತ್ರ ಆಗುತ್ತದೆ. ಸ್ಟ್ರೇಂಜ್ 1904ರಲ್ಲಿ ಬರೆದ ಶೀಲಾ ಎಂಬ ಸುಮಾರು 25 ಅಡಿಯ ಯಾಲ್‌ನ ನಕ್ಷೆ ನೋಡಿದರೆ ಇಂಚು ಇಂಚಿಗೂ ಯೋಚಿಸಿದ್ದು ಕಾಣುತ್ತದೆ. ಅವರು ಚಿತ್ರ ಕಲಿಸುವ ಮೇಷ್ಟ್ರಾಗಿದ್ದುದೂ ಕಾಣುತ್ತದೆ. ಮುಂದಿನಿಂದ ಹಿಂದಿನವರೆಗೆ ಒಂದೇ ಉಸಿರಿನಲ್ಲಿ ಎಳೆದ ಗೆರೆ.

ಅದೇ ಹೆಸರಿನ ಎರಡನೇ ದೋಣಿ, ಶೀಲಾ 2, ಸ್ವಲ್ಪ ದೊಡ್ಡದು, 1911ರದ್ದು. ಸುಮಾರು ನಲವತ್ತು ವರ್ಷ ಆದ ಮೇಲೆ ಅದನ್ನು ಕೊಂಡವರು ನ್ಯೂಜಿಲೆಂಡಿನ ಏಡ್ರಿಯನ್ ಹೇಟರ್. ಮೊದಲು ಭಾರತೀಯ ಸೇನೆಯ ಗೂರ್ಖಾ ರೆಜಿಮೆಂಟಿನಲ್ಲಿ ಅಧಿಕಾರಿಯಾಗಿದ್ದವರು. 1950ರಲ್ಲಿ ಇಂಗ್ಲೆಂಡಿನಿಂದ ಹೊರಟು 1956ರಲ್ಲಿ ತಮ್ಮ ದೇಶ ಮುಟ್ಟಿದರು. ಒಬ್ಬ ಡ್ರಾಯಿಂಗ್ ಮೇಷ್ಟ್ರು ಉತ್ತರ ಸಮುದ್ರದ ತೀರದಲ್ಲಿ ಕೂತು ಬರೆದ ನಕ್ಷೆ ಅಷ್ಟು ದೂರ ಹೋಯಿತು. ನಿಮ್ಮ ಎರಡು ಪುಟದ ಯಾವ ಅರಮನೆಯ ಬಗ್ಗೆ ಹೀಗೆ ಹೇಳಬಹುದು?

ಹ್ಯಾರಿಸನ್ ಬಟ್ಲರ್ ತಲೆಕೆಡಿಸಿಕೊಂಡದ್ದು ಇನ್ನೊಂದು ವಿಷಯಕ್ಕೆ, ಅದು ಸಮತೋಲ. ಹಾಯಿದೋಣಿ ಗಾಳಿಗೆ ವಾಲಿದಾಗ ನೀರೊಳಗಿನ ಅದರ ಆಕಾರ ಬದಲಾಗುತ್ತದೆ. ಹಿಂಭಾಗ ದಪ್ಪ, ಮುಂಭಾಗ ಸಣ್ಣ ಇದ್ದರೆ ವಾಲಿದ ಕೂಡಲೇ ಹಿಂಭಾಗ ಮೇಲೆದ್ದು ಮೂತಿ ಕೆಳಗಿಳಿಯುತ್ತದೆ, ದೋಣಿ ತಾನಾಗಿ ಗಾಳಿಯ ಕಡೆ ತಿರುಗಲು ಹೋಗುತ್ತದೆ. ಚುಕ್ಕಾಣಿ ಹಿಡಿದವನು ಗಂಟೆಗಟ್ಟಲೆ ಅದರ ಜೊತೆ ಜಗ್ಗಾಡಬೇಕು. ಪಂದ್ಯದ ದೋಣಿಯಲ್ಲಿ ನಾಲ್ಕು ಜನ ಇರುತ್ತಾರೆ, ಸರದಿ ಮೇಲೆ ಹಿಡಿಯುತ್ತಾರೆ. ಒಬ್ಬನೇ ಇದ್ದರೆ? ವಾಲಿದಾಗಲೂ ಮುಂದಿನ ಭಾಗ ಮತ್ತು ಹಿಂದಿನ ಭಾಗ ಒಂದಕ್ಕೊಂದು ಸರಿದೂಗುವಂತೆ ಆಕಾರ ಮಾಡಬೇಕು ಎಂಬ ಯೋಚನೆಗೆ ಬ್ರಿಟಿಷ್ ನೌಕಾಪಡೆಯ ಎಂಜಿನಿಯರ್ ಅಡ್ಮಿರಲ್ ಆಲ್ಫ್ರೆಡ್ ಟರ್ನರ್ ಒಂದು ಲೆಕ್ಕದ ರೂಪ ಕೊಟ್ಟರು. ಹೆಸರು ಮೆಟಾಸೆಂಟ್ರಿಕ್ ಶೆಲ್ಫ್. ಹ್ಯಾರಿಸನ್ ಬಟ್ಲರ್ ಅದನ್ನು ಮನಸಾರೆ ಒಪ್ಪಿಕೊಂಡು ತಮ್ಮ ದೋಣಿಗಳನ್ನು ಅದರಂತೆ ತಿದ್ದಿದರು. ಮುಂದೆ ಬಂದ ವಿನ್ಯಾಸಕಾರರು ಈ ಸಿದ್ಧಾಂತವನ್ನು ಪೂರ್ತಿ ಒಪ್ಪಲಿಲ್ಲ. ನೀರಿನ ಹರಿವು, ಹಾಯಿಯ ಒತ್ತಡ ಇಂಥವೆಲ್ಲ ಆ ಲೆಕ್ಕದಲ್ಲಿ ಬರುವುದಿಲ್ಲ ಎಂಬುದು ನಿಜ. ಆದರೆ ಅವರ ದೋಣಿಗಳನ್ನು ನಡೆಸಿದವರು ಚುಕ್ಕಾಣಿ ಹಗುರ ಎಂದು ಹೊಗಳುವುದನ್ನು ಬಿಟ್ಟಿಲ್ಲ. ಸಿದ್ಧಾಂತ ಅರೆಬರೆ ಇರಬಹುದು, ಅದನ್ನು ಹಿಡಿದು ಅವರು ಕೇಳಿಕೊಂಡ ಪ್ರಶ್ನೆ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ.

ಹಿಂಭಾಗ ಚೂಪಾಗಿದ್ದರೆ ಮಾತ್ರ ಒಳ್ಳೆ ದೋಣಿ ಎಂದು ಕೆಲವರು ಹಟ ಹಿಡಿಯುತ್ತಾರೆ, ಅದನ್ನು ನಾನು ಒಪ್ಪುವುದಿಲ್ಲ. 1895ರಿಂದ 1898ರವರೆಗೆ ಒಬ್ಬರೇ ಪ್ರಪಂಚ ಸುತ್ತಿ ಬಂದ ಮೊದಲಿಗರು ಜೋಶುವಾ ಸ್ಲೋಕಮ್. ಅವರ ಸ್ಪ್ರೇ ದೋಣಿಯ ಹಿಂಭಾಗ ಅಗಲವಾಗಿಯೇ ಇತ್ತು. ಅಮೆರಿಕದಲ್ಲಿ ದಾರಿಯೇ ಬೇರೆ. ಅಲ್ಲಿ ರಡ್ಡರ್ ಪತ್ರಿಕೆಯ ಸಂಪಾದಕ ಥಾಮಸ್ ಫ್ಲೆಮಿಂಗ್ ಡೇ, ಮನೆಯ ಹಿತ್ತಲಲ್ಲಿ ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಸೀ ಬರ್ಡ್ ಎಂಬ ಸುಮಾರು 26 ಅಡಿಯ ದೋಣಿಯ ನಕ್ಷೆಯನ್ನು ಪತ್ರಿಕೆಯಲ್ಲೇ ಅಚ್ಚು ಹಾಕಿದರು. ತಳ ದುಂಡಗಿಲ್ಲ, ವಿ ಆಕಾರ, ಹಲಗೆ ಬಗ್ಗಿಸುವ ಕಷ್ಟ ಕಡಿಮೆ. ಆಡಿಕೊಂಡವರಿಗೆ ಉತ್ತರವಾಗಿ 1911ರಲ್ಲಿ ತಾವೇ ಇಬ್ಬರು ಜೊತೆಗಾರರ ಸಂಗಡ ಅದರಲ್ಲಿ ಅಟ್ಲಾಂಟಿಕ್ ದಾಟಿ ರೋಮ್ ತನಕ ಹೋದರು. ಅದೇ ನಕ್ಷೆಯ ದೊಡ್ಡ ರೂಪ 34 ಅಡಿಯ ಐಲ್ಯಾಂಡರ್. ಹ್ಯಾರಿ ಪಿಜನ್ ಎಂಬ ಛಾಯಾಗ್ರಾಹಕರು ಲಾಸ್ ಏಂಜಲೀಸ್‌ನಲ್ಲಿ ಸ್ವಂತ ಕೈಯಿಂದ ಕಟ್ಟಿ, 1921ರಿಂದ 1925ರವರೆಗೆ ಒಬ್ಬರೇ ಪ್ರಪಂಚ ಸುತ್ತಿದರು, ಸ್ಲೋಕಮ್ ನಂತರ ಎರಡನೆಯವರು. ಪತ್ರಿಕೆಯೊಂದು ಅಚ್ಚು ಹಾಕಿದ ನಕ್ಷೆಯಿಂದ ಶುರುವಾದ ಕಥೆ ಇದು ಎಂಬುದನ್ನು ನೀವು ಗಮನಿಸಬೇಕು, ಸಂಪಾದಕರೇ.

ಈಗ ಒಂದು ತಿದ್ದುಪಡಿ. ನಿಮ್ಮ ಲೇಖನದ ಪಕ್ಕದ ಚೌಕದಲ್ಲಿ ಸುಹೈಲಿ ದೋಣಿ ಇಂಗ್ಲೆಂಡಿನಲ್ಲಿ ಕಟ್ಟಿದ್ದು ಎಂದಿದೆ. ಅಲ್ಲ. ಅದನ್ನು ಕಟ್ಟಿದ್ದು ಮುಂಬಯಿಯಲ್ಲಿ, ತೇಗದ ಮರದಲ್ಲಿ, ನಮ್ಮ ದೇಶದ ಬಡಗಿಗಳು. ಅದರ ಒಡೆಯ, ಇಂಗ್ಲೆಂಡಿನ ರಾಬಿನ್ ನಾಕ್ಸ್-ಜಾನ್‌ಸ್ಟನ್, ಆಗ ಹಡಗಿನ ಅಧಿಕಾರಿಯಾಗಿದ್ದರು. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟು, ಎಲ್ಲೂ ನಿಲ್ಲದೆ, ಒಬ್ಬರೇ ಪ್ರಪಂಚ ಸುತ್ತಿ 312 ದಿನಕ್ಕೆ ಅಲ್ಲಿಗೇ ಬಂದು ಮುಟ್ಟಿದರು. ಅದು ಗೋಲ್ಡನ್ ಗ್ಲೋಬ್ ಎಂಬ ಸ್ಪರ್ಧೆ, ಒಂಬತ್ತು ಜನ ಹೊರಟಿದ್ದ ಅದರಲ್ಲಿ ಮುಗಿಸಿದ್ದು ಇವರೊಬ್ಬರೇ. ಸುಹೈಲಿ ಕಟ್ಟಲು ಬಳಸಿದ ನಕ್ಷೆಯ ಹೆಸರು ಎರಿಕ್, ಅಮೆರಿಕದ ವಿಲಿಯಂ ಆಟ್ಕಿನ್ 1920ರ ದಶಕದಲ್ಲಿ ಬರೆದದ್ದು, 32 ಅಡಿ. ಆಟ್ಕಿನ್ ಅದಕ್ಕೆ ಆಧಾರ ಮಾಡಿಕೊಂಡದ್ದು ನಾರ್ವೆಯ ಕಾಲಿನ್ ಆರ್ಚರ್ ಅವರ ರಕ್ಷಣಾ ದೋಣಿಯನ್ನು. ನಾರ್ವೆಯ ಮೀನುಗಾರರು ಬಿರುಗಾಳಿಗೆ ಸಿಕ್ಕಿ ಸಾಯುತ್ತಿದ್ದ ಕಾಲದಲ್ಲಿ, ಚಳಿಗಾಲದಲ್ಲೂ ಅವರ ಜೊತೆಗೇ ಸಮುದ್ರದಲ್ಲಿದ್ದು ಎಳೆದು ತರಲು ಆರ್ಚರ್ ಆ ದೋಣಿ ಮಾಡಿದರು. ಮೊದಲನೆಯದು 1893ರದ್ದು, 47 ಅಡಿ. ನಾರ್ವೆಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಚಿಕ್ಕದಾಗಿ, ಮುಂಬಯಿಯಲ್ಲಿ ಮರದ ರೂಪ ಪಡೆದ ದೋಣಿ ಸುಹೈಲಿ. ಈ ಸಾಲು ಅಲ್ಲಿಗೂ ನಿಲ್ಲಲಿಲ್ಲ. 2018ರ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ನಮ್ಮ ಅಭಿಲಾಷ್ ಟೋಮಿ ಹೋದದ್ದು ಸುಹೈಲಿಯದೇ ಪ್ರತಿರೂಪ ತುರಿಯಾದಲ್ಲಿ, ಅದನ್ನು ಕಟ್ಟಿದ್ದು ಗೋವಾದಲ್ಲಿ, ಅಂದರೆ ಕಾರವಾರದ ಪಕ್ಕದಲ್ಲೇ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಭಾರೀ ಬಿರುಗಾಳಿಗೆ ತುರಿಯಾದ ಕೂವೆಮರ ಮುರಿದು, ಟೋಮಿ ಬೆನ್ನುಮೂಳೆಗೆ ಪೆಟ್ಟಾಗಿ, ಕೊನೆಗೆ ಫ್ರಾನ್ಸಿನ ಹಡಗು ಬಂದು ಅವರನ್ನು ಉಳಿಸಿತು. 2023ರಲ್ಲಿ ಅವರು ಬೇರೆ ದೋಣಿಯಲ್ಲಿ ಅದೇ ಸ್ಪರ್ಧೆ ಮುಗಿಸಿ ಎರಡನೆಯವರಾದರು. ಹಳೆಯ ವಿನ್ಯಾಸಗಳು ಎಲ್ಲಾ ಅಲೆಯನ್ನೂ ತಡೆಯುತ್ತವೆ ಎಂದು ನಾನು ಹೇಳುತ್ತಿಲ್ಲ, ಆ ಸಮುದ್ರದಲ್ಲಿ ಯಾವ ಸಣ್ಣ ದೋಣಿಗೂ ಆ ಭರವಸೆ ಇಲ್ಲ.

ನನ್ನ ಕೋರಿಕೆ ಎರಡು. ಸುಹೈಲಿಯ ಬಗ್ಗೆ ತಿದ್ದುಪಡಿ ಹಾಕಿ, ಮುಂಬಯಿಯ ಬಡಗಿಗಳ ಮಾತನ್ನು ಅದರಲ್ಲಿ ಸೇರಿಸಿ. ಎರಡನೆಯದು, ಪುರವಣಿಯಲ್ಲಿ ಒಂದು ಪುಟ ಕೊಟ್ಟು ಇಂಥ ಒಂದು ಸಣ್ಣ ಯಾಟ್‌ನ ನಕ್ಷೆಯನ್ನು ದೊಡ್ಡದಾಗಿ ಅಚ್ಚು ಮಾಡಿ. ಸ್ಟ್ರೇಂಜ್ ಅವರದ್ದಾದರೆ ಇನ್ನೂ ಒಳ್ಳೆಯದು, ತೀರಿಹೋಗಿ ನೂರು ವರ್ಷ ದಾಟಿದೆ, ಅಚ್ಚು ಹಾಕಲು ಹಕ್ಕಿನ ತೊಡಕು ಇರಲಾರದು. ಪಕ್ಕದಿಂದ ಕಾಣುವ ನೋಟ, ಮೇಲಿನಿಂದ ಕಾಣುವ ನೋಟ, ಮುಂದಿನಿಂದ ಕಾಣುವ ಅಡ್ಡಕೊಯ್ತ, ಮೂರೂ ಇರಲಿ. ಮೂರರಲ್ಲೂ ಒಂದೇ ಗೆರೆ ಹೇಗೆ ಬೇರೆ ಬೇರೆಯಾಗಿ ಕಾಣುತ್ತದೆ ಎಂದು ಎರಡು ಸಾಲಿನಲ್ಲಿ ವಿವರಿಸಿ. ಹೈಸ್ಕೂಲು ಮಕ್ಕಳು ದಪ್ಪ ರಟ್ಟಿನಲ್ಲಿ ಆ ಅಡ್ಡಕೊಯ್ತಗಳನ್ನು ಕತ್ತರಿಸಿ, ಸಾಲಾಗಿ ನಿಲ್ಲಿಸಿ, ಮೇಲೆ ತೆಳು ಪಟ್ಟಿ ಅಂಟಿಸಿದರೆ ದೋಣಿಯ ಮೈ ತಾನಾಗಿ ಎದ್ದು ಬರುತ್ತದೆ. ಅಳತೆಗಳು ಅಡಿ ಇಂಚಿನಲ್ಲಿ ಇರುತ್ತವೆ, ಪಕ್ಕದಲ್ಲಿ ಸೆಂಟಿಮೀಟರ್ ಕೂಡ ಕೊಡಿ, ಮಕ್ಕಳಿಗೆ ಸುಲಭ ಆಗುತ್ತದೆ.

ನಿಮ್ಮ ಓದುಗ,
ಕುಂದಾಪುರ